ಹಳೆಯ ಹತಾರಗಳ ಜೀರ್ಣೋದ್ಧಾರ

ಆಯುಧಪೂಜೆಯ ದಿನ ನಮ್ಮ ಬಡಗಿಗಳೂ ಕಮ್ಮಾರರೂ ತಮ್ಮ ತಮ್ಮ ಹತಾರಗಳನ್ನು ತೊಳೆದು, ಅರಿಸಿನ ಕುಂಕುಮವಿಟ್ಟು, ಹೂವೇರಿಸಿ ಕೈಮುಗಿಯುವುದನ್ನು ವಾಚಕರೆಲ್ಲರೂ ಬಲ್ಲರು. ಆದರೆ ಆ ಮನೆಯ ಯಜಮಾನನು ಕಾಲವಾದ ಮೇಲೆ ಅವನ ಉಳಿ, ಬಾಚಿ, ಹತ್ತರಿಗಳ ಗತಿ ಏನಾಗುವುದೆಂಬುದನ್ನು ತಿಳಿಯಬೇಕಾದರೆ ಗುಜರಿ ಅಂಗಡಿಯ ತಕ್ಕಡಿಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಮುರಿದ ಚಿಲಕಕ್ಕೂ ಮೂರು ತಲೆಮಾರು ದುಡಿದ ಉಳಿಗೂ ಅಲ್ಲಿ ಒಂದೇ ದರ.

ಕಳೆದ ವರ್ಷ ಅಂಥದೊಂದು ರಾಶಿಯಿಂದ ನಾವು ಒಂದು ಅಗಲವಾದ ಉಳಿಯನ್ನು ಆರಿಸಿ ತಂದೆವು. ಮೈತುಂಬ ತುಕ್ಕು, ಹಿಡಿಯೇ ಇಲ್ಲ. ಆದರೆ ಉಜ್ಜಿ ನೋಡಲಾಗಿ 'ಕಾಸ್ಟ್ ಸ್ಟೀಲ್' ಎಂಬ ಇಂಗ್ಲಿಷ್ ಮುದ್ರೆ ಕಾಣಿಸಿತು. ಉಳಿಯನ್ನು ಎರಕ ಹೊಯ್ದರೆಂದು ಇದಕ್ಕೆ ಅರ್ಥವಲ್ಲ. ಮೂಸೆಯಲ್ಲಿ ಕರಗಿಸಿ ಹೊಯ್ದ ಉಕ್ಕಿನ ಗಟ್ಟಿಯನ್ನು ಬಡಿದು ಮಾಡಿದುದೆಂದು ಅರ್ಥ. ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ಮಾಡುವವನು 1740ರ ದಶಕದಲ್ಲಿ ಇಂಗ್ಲೆಂಡಿನ ಶೆಫೀಲ್ಡಿನ ಬಳಿ ಈ ವಿಧಾನವನ್ನು ಸಾಧಿಸಿದನು. ಆ ದೇಶಕ್ಕೆ ಅದು ಹೊಸದು, ನಮಗೆ ಹೊಸದಲ್ಲ. ದಕ್ಷಿಣ ಹಿಂದೂಸ್ಥಾನದ ಕಮ್ಮಾರರು ಅದಕ್ಕೆ ಎಷ್ಟೋ ಶತಮಾನಗಳ ಹಿಂದೆಯೇ ಮಣ್ಣಿನ ಮೂಸೆಗಳಲ್ಲಿ ಉಕ್ಕನ್ನು ಮಾಡುತ್ತಿದ್ದರು. ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ 1795ರಲ್ಲಿ ಜಾರ್ಜ್ ಪಿಯರ್ಸನ್ ವಿವರಿಸಿದ 'ವೂಟ್ಜ್' ಎಂಬುದು ಇದೇ ಉಕ್ಕು. ಆ ಹೆಸರು ನಮ್ಮ 'ಉಕ್ಕು' ಶಬ್ದದಿಂದಲೇ ಹುಟ್ಟಿತೆಂದು ಬಹುಮಂದಿ ವಿದ್ವಾಂಸರ ಮತ.

ಅಂಥ ಉಕ್ಕು ಬಲು ತುಟ್ಟಿಯಾಗಿತ್ತು. ಆದುದರಿಂದ ಹಳೆಯ ಉಳಿಗಳಲ್ಲಿ ಅನೇಕವು ಪೂರ್ತಿ ಉಕ್ಕಿನವಲ್ಲ; ಮೆದು ಕಬ್ಬಿಣದ ಮೈಗೆ ಅಲಗಿನ ಕಡೆ ಮಾತ್ರ ತೆಳುವಾದ ಉಕ್ಕಿನ ಪಟ್ಟಿಯನ್ನು ಕಾಯಿಸಿ ಬಡಿದು ಬೆಸೆದಿರುತ್ತಾರೆ. ಮಸೆದಾಗ ಎರಡು ಲೋಹಗಳ ನಡುವಣ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಆ ಪಟ್ಟಿ ಸವೆದುಹೋದರೆ ಉಳಿದುದು ಬರಿಯ ಕಬ್ಬಿಣದ ತುಂಡೇ ಸರಿ.

ಈ ಸಂಗತಿ ನಮಗೆ ಆಗ ತಿಳಿದಿರಲಿಲ್ಲ. ಆತುರಪಟ್ಟು ಉಳಿಯನ್ನು ಮೋಟಾರು ಸಾಣೆಯ ಅಂಗಡಿಯೊಂದಕ್ಕೆ ಕೊಟ್ಟೆವು. ಹತ್ತು ನಿಮಿಷದಲ್ಲಿ ಅದು ಕನ್ನಡಿಯಂತೆ ಥಳಥಳಿಸಿತು. ಮುದ್ರೆಯ ಅರ್ಧ ಅಳಿಸಿಹೋಗಿತ್ತು. ಅದನ್ನೇ ಹೆಮ್ಮೆಯಿಂದ ನಮ್ಮ ಕೇರಿಯ ವೃದ್ಧ ಆಚಾರ್ಯರ ಕೈಗಿತ್ತಾಗ ಅವರು ಅಲಗನ್ನು ಬೆಳಕಿಗೆ ಹಿಡಿದು, "ಸ್ವಾಮಿ, ಇದು ಪೂಜೆಗೋ, ಕೆಲಸಕ್ಕೋ?" ಎಂದು ಕೇಳಿದರು. ತುದಿಯಲ್ಲಿ ನವಿಲಿನ ಕತ್ತಿನಂಥ ನೀಲಿ ಬಣ್ಣ ಹರಡಿತ್ತು. ಇಂಥ ಉಕ್ಕು ಸುಮಾರು 230 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಹುಲ್ಲಿನ ಹಳದಿಗೂ, 300ರ ಸುಮಾರಿಗೆ ನೀಲಿಗೂ ತಿರುಗುತ್ತದೆ. ನೀಲಿಯಾಯಿತೆಂದರೆ ಹದ ಕೆಟ್ಟಿತು. ಎಷ್ಟು ಮಸೆದರೂ ಆ ಭಾಗದ ಮೊನೆ ನಿಲ್ಲದು. ನೀಲಿ ಭಾಗವನ್ನೆಲ್ಲ ನೀರೆರೆಯುತ್ತ ಕೈಸಾಣೆಯಲ್ಲಿ ತೇಯ್ದು ತೆಗೆಯುವುದಕ್ಕೆ ಆಚಾರ್ಯರಿಗೆ ಒಂದು ಮಧ್ಯಾಹ್ನವೇ ಹಿಡಿಯಿತು. ಕಾಲು ಅಂಗುಲದಷ್ಟು ಒಳ್ಳೆಯ ಉಕ್ಕು ನಮ್ಮ ಶೋಕಿಗೆ ಬಲಿಯಾಯಿತು.

ಜೀರ್ಣೋದ್ಧಾರವೆಂದರೆ ಹೊಳಪು ಬರಿಸುವುದೆಂಬ ಭ್ರಾಂತಿ ನಮ್ಮೊಬ್ಬರದೇ ಅಲ್ಲ. ತುಕ್ಕನ್ನು ಬಿಡಿಸುವುದಕ್ಕೆ ಒಂದು ರಾತ್ರಿ ವಿನೆಗರಿನಲ್ಲಿ ನೆನೆಹಾಕಿ, ಬೆಳಗ್ಗೆ ಉಜ್ಜಿ, ಸೋಡದ ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ ಎಣ್ಣೆ ಸವರಿದರೆ ಬಹುಮಟ್ಟಿಗೆ ಸಾಕು. ದಿನಗಟ್ಟಲೆ ಬಿಟ್ಟರೆ ಹುಳಿಯು ಉಕ್ಕನ್ನೇ ತಿನ್ನುತ್ತದೆ. ಮೈಮೇಲಿನ ಕುಳಿಗಳಿಂದ ಕೆಲಸಕ್ಕೆ ಬಾಧಕವಿಲ್ಲ. ಅಲಗಿನ ಹಿಂಬದಿ ಮಾತ್ರ ಗಾಜಿನಂತೆ ಸಮವಾಗಿರತಕ್ಕದ್ದು. ಏಕೆಂದರೆ ಮೊನೆಯೆಂಬುದು ಎರಡು ಮುಖಗಳು ಕೂಡುವ ಗೆರೆಯೇ ಹೊರತು ಬೇರೆಯಲ್ಲ, ಒಂದು ಮುಖದಲ್ಲಿ ಕುಳಿಯಿದ್ದರೆ ಮೊನೆಯಲ್ಲಿಯೂ ಮುಕ್ಕು ಬೀಳುತ್ತದೆ. ಹಿಡಿಗೆ ಅಗಸೆಯೆಣ್ಣೆ ಒಳ್ಳೆಯದು. ಆದರೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು, ಅದು ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಮುದ್ರೆಗಳನ್ನಂತೂ ಸರ್ವಥಾ ಅಳಿಸಕೂಡದು. ಅಮೇರಿಕೆಯ ಸ್ಟ್ಯಾನ್ಲಿ ಕಂಪೆನಿಯ ಕೆಲವು ಹಳೆಯ ಹತ್ತರಿಗಳ ಹಾಸಿನಲ್ಲಿ 1902, 1910ರ ಪೇಟೆಂಟುಗಳ ತಾರೀಕುಗಳು ಎರಕದಲ್ಲಿಯೇ ಮೂಡಿವೆ; ಬಲ್ಲವರು ಅವುಗಳಿಂದಲೇ ಹತ್ತರಿಯ ವಯಸ್ಸನ್ನು ಹೇಳಬಲ್ಲರು. ನಮ್ಮ ಊರುಗಳ ಬಡಗಿಗಳು ಹಿಡಿಯ ಮೇಲೆ ಕೊರೆದ ಗುರುತುಗಳೂ ಇಂಥ ದಾಖಲೆಗಳೇ.

ಇಂಗ್ಲೆಂಡಿನಲ್ಲಿ 1970ರ ದಶಕದ ಕೊನೆಗೆ ಹುಟ್ಟಿದ 'ಟೂಲ್ಸ್ ಫಾರ್ ಸೆಲ್ಫ್ ರಿಲಯನ್ಸ್' ಎಂಬ ಸಂಸ್ಥೆಯ ಸ್ವಯಂಸೇವಕರು ಬೇಡವಾದ ಕೈಹತಾರಗಳನ್ನು ಮನೆಮನೆಗಳಿಂದ ಸಂಗ್ರಹಿಸಿ, ಮಸೆದು ಹಸನುಮಾಡಿ, ಆಫ್ರಿಕದ ಕುಶಲಕರ್ಮಿಗಳಿಗೆ ಕಳುಹಿಸಿದರು. ನಮ್ಮಲ್ಲಿ ಅಷ್ಟು ದೂರ ಕಳುಹಿಸಬೇಕಾದ ಅಗತ್ಯವಿಲ್ಲ. ಸರಕಾರಿ ಕಾರ್ಯಾಗಾರಗಳಲ್ಲಿ ನಿರುಪಯುಕ್ತವೆಂದು ಬರೆದು ತೂಕದ ಲೆಕ್ಕದಲ್ಲಿ ಹರಾಜು ಹಾಕುವ ಸಾಮಾನುಗಳೊಳಗೆ ಕೈಹತಾರಗಳೇನಾದರೂ ಇದ್ದರೆ, ಅವನ್ನು ಮೊದಲು ಸಮೀಪದ ಕೈಗಾರಿಕಾ ತರಬೇತಿ ಶಾಲೆಗೆ ತೋರಿಸಬೇಕೆಂದು ಅಧಿಕಾರಿಗಳು ಒಂದು ಸಾಲಿನ ಆಜ್ಞೆ ಹೊರಡಿಸಿದರೆ ಬೊಕ್ಕಸಕ್ಕೆ ಆಗುವ ನಷ್ಟ ಅತ್ಯಲ್ಪ. ಮಸೆಯುವುದನ್ನು ಕಲಿಯುವ ಹುಡುಗನಿಗೆ ತುಕ್ಕು ಹಿಡಿದ ಹಳೆಯ ಉಳಿಗಿಂತ ಉತ್ತಮವಾದ ಪಾಠ್ಯಪುಸ್ತಕವಿಲ್ಲ. ಅದನ್ನು ಕಲಿಸಬಲ್ಲ ಕೈಗಳಾದರೋ ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿವೆ.

ನಮ್ಮ ಉಳಿಗೆ ಆಚಾರ್ಯರು ಜಾಲಿಯ ಹಿಡಿ ಹಾಕಿದ್ದಾರೆ. ಈಗ ಅದು ಅವರ ಬಳಿಯಲ್ಲಿಯೇ ಇದೆ, ದಿನವೂ ಬಾಗಿಲುವಾಡಗಳಿಗೆ ಕಚ್ಚು ಹೊಡೆಯುತ್ತಿದೆ. ಹಿಂದಕ್ಕೆ ಕೊಡಿರೆಂದು ಕೇಳಲು ನಮಗೆ ಇನ್ನೂ ಬಾಯಿ ಬಂದಿಲ್ಲ.