ಪಂಪಿನ ಮದ್ದು ಎಲ್ಲಿಗೆ ಹೋಗುತ್ತದೆ?



ರೊದ್ದಂ, ಹಿಂದೂಪುರದ ಸುತ್ತ ಕಡಲೆಕಾಯಿ ಒಕ್ಕಣೆಯ ಧೂಳು ಎದ್ದಿತೆಂದರೆ ಉಬ್ಬಸದವರಿಗೆ ಸಂಕಟ. ಆಗ ಕೇಳಿಬರುವ ಮಾತೊಂದಿದೆ: “ಪಕ್ಕದ ಮನೆಯವರಿಗೆ ಕೊಟ್ಟ ಪಂಪನ್ನೇ ನನಗೂ ಕೊಟ್ಟರು. ಅವರಿಗೆ ಗುಣವಾಯಿತು, ನನಗೆ ಆಗಲಿಲ್ಲ.” ಹೀಗೆಂದವರು ಪಂಪನ್ನು ಗೂಡಿನಲ್ಲಿಟ್ಟು ಮರೆಯುತ್ತಾರೆ. ಎಷ್ಟೋ ಸಲ ಮದ್ದಿನಲ್ಲಿ ದೋಷವಿರುವುದಿಲ್ಲ; ಅದು ಸೇರಬೇಕಾದ ಕಡೆ ಸೇರಿರುವುದಿಲ್ಲ.

ಗಂಟಲ ಕೆಳಗಿನ ಉಸಿರಿನ ಕೊಳವೆ ಎರಡಾಗಿ ಕವಲೊಡೆಯುತ್ತದೆ. ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ, ಹೀಗೆ ಸುಮಾರು 23 ಸಲ. ಮೊದಲು ಹೆಬ್ಬೆರಳ ದಪ್ಪವಿದ್ದದ್ದು ಕೊನೆಗೆ ಅರ್ಧ ಮಿಲಿಮೀಟರಿನ ಆಸುಪಾಸಿಗೆ ಬರುತ್ತದೆ. ಅಷ್ಟು ದೂರ ಹೋಗಲು ಮದ್ದಿನ ಕಣ 1ರಿಂದ 5 ಮೈಕ್ರಾನ್ ಒಳಗಿರಬೇಕು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಅದಕ್ಕಿಂತ ದಪ್ಪಗಿದ್ದರೆ, ಅಥವಾ ರಭಸದಿಂದ ಬಂದರೆ, ತಿರುವಿನಲ್ಲಿ ತಿರುಗಲಾರದ ಲಾರಿಯಂತೆ ನೇರವಾಗಿ ಗಂಟಲ ಗೋಡೆಗೆ ಬಡಿಯುತ್ತದೆ.

ಉಬ್ಬಸದಲ್ಲಿ ಈ ಕೊಳವೆಗಳ ಒಳಗೋಡೆ ಊದುತ್ತದೆ, ಸುತ್ತಲ ಸ್ನಾಯು ಬಿಗಿಯುತ್ತದೆ, ಅಂಟಾದ ಕಫ ಕೆಲವನ್ನು ಮುಚ್ಚಿಯೇ ಬಿಡುತ್ತದೆ. ಕೊಳವೆಯ ಅಗಲ ಅರ್ಧಕ್ಕಿಳಿದರೆ ಉಸಿರಿಗೆ ಅಡ್ಡಿ ಎರಡು ಪಟ್ಟಲ್ಲ, 16 ಪಟ್ಟು ಆಗಬಹುದು. ಎಳೆಯ ಮಕ್ಕಳು ಬೇಗ ಸೋಲುವುದಕ್ಕೆ ಇದೂ ಒಂದು ಕಾರಣ. ಅವರ ಕೊಳವೆ ಮೊದಲೇ ಸಣ್ಣದು.

ನಿಮ್ಮ ತೋಟದ ಡ್ರಿಪ್ ಪೈಪನ್ನೇ ನೋಡಿ. ಉಪ್ಪು ಕಟ್ಟಿದ ತೂತಿನ ಗಿಡ ಒಣಗುತ್ತದೆ, ನೀರೆಲ್ಲ ತೆರೆದ ತೂತುಗಳ ಕಡೆ ಹೋಗುತ್ತದೆ. ಪುಪ್ಪುಸದಲ್ಲಿಯೂ ಹಾಗೆಯೇ. ಮದ್ದು ಗಾಳಿಯ ಜೊತೆ ಹೋಗುವಂಥದ್ದು. ಗಾಳಿ ಆಡುವ ಕವಲಿಗೆ ಹೆಚ್ಚು, ಕಟ್ಟಿಕೊಂಡ ಕವಲಿಗೆ ಕಡಿಮೆ. ಯಾರಿಗೆ ತೀರ ಬೇಕೋ ಅವರಿಗೇ ಕಡಿಮೆ ಸಿಗುವ ಅನ್ಯಾಯವಿದು. ಜೊತೆಗೆ, ವರ್ಷಗಟ್ಟಲೆ ಚಿಕಿತ್ಸೆಯಿಲ್ಲದೆ ಬಿಟ್ಟವರಲ್ಲಿ ಗೋಡೆಯೇ ದಪ್ಪವಾಗಿ, ಮದ್ದು ತಲುಪಿದರೂ ಕೊಳವೆ ಮೊದಲಿನಷ್ಟು ತೆರೆದುಕೊಳ್ಳದಿರಬಹುದು.

ಆದ್ದರಿಂದ ತಕ್ಷಣ ಬಿಗಿ ಸಡಿಲಿಸುವ ಪಂಪೊಂದನ್ನೇ ನಂಬಬಾರದು. ಊತ ಇಳಿಸುವ ಮದ್ದನ್ನು ವೈದ್ಯರು ಹೇಳಿದಂತೆ, ಚೆನ್ನಾಗಿದ್ದ ದಿನವೂ ತೆಗೆದುಕೊಳ್ಳಬೇಕು. ದೊಡ್ಡವರಿಗೆ ಬರಿಯ ಬಿಗಿ ಸಡಿಲಿಸುವ ಪಂಪು ಸಾಲದೆಂದು ಅಂತರರಾಷ್ಟ್ರೀಯ ಆಸ್ತಮಾ ಮಾರ್ಗಸೂಚಿಯೂ 2019ರಿಂದ ಹೇಳುತ್ತಿದೆ.

ಎಳೆದುಕೊಳ್ಳುವ ಬಗೆಯೂ ಮುಖ್ಯ. ಸ್ಪ್ರೇ ಪಂಪಾದರೆ ಉಸಿರು ಪೂರ್ತಿ ಬಿಟ್ಟು, ಒತ್ತುತ್ತಲೇ ನಿಧಾನವಾಗಿ ಆಳವಾಗಿ ಎಳೆದು, ಹತ್ತು ಎಣಿಸುವವರೆಗೆ ಹಿಡಿಯಬೇಕು. ಕ್ಯಾಪ್ಸೂಲಿನ ಪುಡಿಯಾದರೆ ಇದಕ್ಕೆ ತದ್ವಿರುದ್ಧ: ಜೋರಾಗಿ ಎಳೆಯಬೇಕು. ಎಷ್ಟೋ ಜನ ಎರಡನ್ನೂ ಒಂದೇ ರೀತಿ ಎಳೆಯುತ್ತಾರೆ! ಜೋರಾಗಿ ಎಳೆಯಲಾರದ ಮುದುಕರಿಗೆ, ಮಕ್ಕಳಿಗೆ ಸ್ಪ್ರೇಯ ಜೊತೆ ಸ್ಪೇಸರ್ ಒಳ್ಳೆಯದು. ಅದರೊಳಗೆ ರಭಸ ತಗ್ಗುತ್ತದೆ, ದಪ್ಪ ಹನಿ ಅಲ್ಲೇ ಉಳಿಯುತ್ತದೆ. ಕೊಳ್ಳಲು ದುಡ್ಡಿಲ್ಲವೇ? ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳ ಕೊರೆದು, ಪಂಪನ್ನು ಗಾಳಿ ಸೋರದಂತೆ ಕೂರಿಸಿದರೆ ಅದೂ ಅಂಗಡಿಯ ಸ್ಪೇಸರಿನಂತೆ ಕೆಲಸ ಮಾಡುತ್ತದೆಂದು 1999ರಲ್ಲಿ ದಕ್ಷಿಣ ಆಫ್ರಿಕದ ವೈದ್ಯರು ಮಕ್ಕಳಲ್ಲಿ ಪರೀಕ್ಷಿಸಿ ತೋರಿಸಿದರು.

ಊತ ಇಳಿಸುವ ಮದ್ದು ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ. ಪಂಪು ಹೊಡೆದರೂ ಮಾತಾಡಲಾಗದಷ್ಟು ಏದುಸಿರು, ತುಟಿ ನೀಲಿಗಟ್ಟುವುದು ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ. ದಾರಿಯಲ್ಲಿಯೂ ಪಂಪು ಕೈಯಲ್ಲಿರಲಿ.