ಎರೆನಾಡಿನ ವಸತಿಬಂಡಿ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಬಹುಮಟ್ಟಿಗೆ ಎರೆಯ ನಾಡೆಂಬುದು ವಾಚಕರಿಗೆ ವಿದಿತವೇ ಆಗಿದೆ. ಈ ಮಣ್ಣು ಮಳೆಗಾಲದಲ್ಲಿ ನೀರುಂಡು ಉಬ್ಬಿ ಅಂಟಾಗುವುದು. ಬೇಸಗೆಯಲ್ಲಿ ಕುಗ್ಗಿ ಬಿರುಕುಬಿಡುವುದು. ಇಂತಹ ನೆಲದ ಮೇಲೆ ಭೀಮಾ-ಅಮರ್ಜಾ ಸಂಗಮದ ಗಾಣಗಾಪುರಕ್ಕೋ ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೋ ಹೊರಟ ಒಕ್ಕಲಿನವರು ನೆರಳನ್ನೂ ಬುತ್ತಿಯನ್ನೂ ಹಾಸಿಗೆಯನ್ನೂ ಬಂಡಿಯಲ್ಲಿಯೇ ಒಯ್ಯಬೇಕಾಗಿದ್ದಿತು. ಉತ್ತರ ಕರ್ನಾಟಕದಲ್ಲಿ ಕೊಲ್ಲಾರಿ ಬಂಡಿಯೆಂದು ಪ್ರಸಿದ್ಧವಾದ ಮೇಲ್ಛಾವಣಿಯ ಬಂಡಿ ಈ ಅವಶ್ಯಕತೆಗೆ ಒದಗಿದ ವಾಹನವು. ಇಂದು ಮೋಟಾರಿನ ಹಿಂದೆ ಕಟ್ಟಿ ದಾರಿಯಿಲ್ಲದೆಡೆಗೆ ಎಳೆದೊಯ್ಯುವ ಹಗುರಾದ ವಸತಿಗಾಡಿಯನ್ನು ರಚಿಸುವವರಿಗೆ ಎದುರಾಗುವ ಪ್ರಶ್ನೆಗಳೇ ಅಂದು ಬಡಿಗನ ಮುಂದೆಯೂ ಇದ್ದವು. ಅವನ್ನು ಸಂಕ್ಷೇಪವಾಗಿ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲನೆಯದು ಗಾಲಿ. ಗಾಲಿ ದೊಡ್ಡದಾದಷ್ಟೂ ಮೆತ್ತನೆಯ ನೆಲದಲ್ಲಿ ಎಳೆತವು ಹಗುರಾಗುವುದು. ಕುಳಿ ಕಲ್ಲುಗಳನ್ನು ಅದು ಸುಲಭವಾಗಿ ದಾಟುವುದು. ಆದರೆ ಗಾಲಿಯೊಡನೆ ಅದರ ತೂಕವೂ ಬೆಳೆಯುವುದರಿಂದ ಗಾತ್ರಕ್ಕೊಂದು ಮಿತಿ ಅಗತ್ಯ. ಅಂಚು ಅಗಲವಾದರೆ ಹೂಳುವುದು ಕಡಮೆ, ಅಂಟುವ ಮಣ್ಣು ಹೆಚ್ಚು. ಗುಂಬ, ಅರೆಕಾಲು, ವಟ್ಟೆಗಳನ್ನು ಜೋಡಿಸಿದ ಮೇಲೆ ಕಬ್ಬಿಣದ ಹಳಿಯನ್ನು ಕಾಯಿಸಿ ತೊಡಿಸಿ ನೀರೆರೆಯುವರು. ತಣಿದು ಕುಗ್ಗಿದ ಹಳಿಯು ಗಾಲಿಯ ಅಂಗಗಳೆಲ್ಲವನ್ನೂ ಬಿಗಿದು ಒಂದುಮಾಡುವುದು. ಇಂದಿನ ಗಾಡಿಯಲ್ಲಿ ಗಾಳಿ ತುಂಬಿದ ರಬ್ಬರಿನ ಟಯರು ನೆಲಕ್ಕೆ ತಕ್ಕಂತೆ ಅಗಲವಾಗಿ ಊರುವುದರಿಂದ ಚಿಕ್ಕ ಗಾಲಿಯೂ ಸಾಗುತ್ತದೆ. ಎರಡು ಗಾಲಿಗಳ ನಡುವಣ ಅಂತರವಾದರೋ ದಾರಿಯಲ್ಲಿ ಮೊದಲೇ ಬಿದ್ದ ಜಾಡಿಗೆ ಹೊಂದಬೇಕು; ಮೋಟಾರಿನ ಹಿಂದಣ ಗಾಡಿಗೂ ಈ ನಿಯಮವು ತಪ್ಪದು.

ಎರಡನೆಯದು ತೂಕದ ಸಮತೆ. ಅಚ್ಚಿನ ಮುಂದೆ ಭಾರವು ಮಿತಿಮೀರಿದರೆ ನೊಗವು ಎತ್ತಿನ ಹೆಗಲನ್ನು ಒತ್ತುವುದು. ಹಿಂದೆ ಹೆಚ್ಚಿದರೆ ನೊಗವು ಮೇಲೆದ್ದು ಕೊರಳ ಪಟ್ಟಿ ಬಿಗಿಯುವುದು. ಅನುಭವಿಯಾದ ರೈತನು ಹೇರನ್ನು ಮುಂದಕ್ಕೂ ಹಿಂದಕ್ಕೂ ಸರಿಸಿ ಇದನ್ನು ಸರಿಪಡಿಸುವನು. ಇಂದಿನ ಗಾಡಿಗಳಲ್ಲಿ ಒಟ್ಟು ಭಾರದ ನೂರಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲಿರಬೇಕೆಂಬುದು ವಾಡಿಕೆಯ ಲೆಕ್ಕ. ಅದಕ್ಕಿಂತ ಕಡಮೆಯಾದರೆ ವೇಗದಲ್ಲಿ ಗಾಡಿಯು ಓಲಾಡತೊಡಗುವುದು.

ಮೂರನೆಯದು ಮಾಡು. ಮರದ ಹಲಗೆಯ ಮಾಡು ಭದ್ರವಾದರೂ ಭಾರವಾದುದು. ಬಂಡಿಯ ಮೈ ಎತ್ತರವಾದಷ್ಟೂ ಇಳುಕಲಿನಲ್ಲಿ ಮಗುಚುವ ಭಯವೂ ಅಧಿಕ. ಬಿದಿರ ಕಮಾನಿನ ಮೇಲೆ ಚಾಪೆಯನ್ನೋ ಬಟ್ಟೆಯನ್ನೋ ಹೊದಿಸಿದರೆ ಭಾರವು ಇಳಿಯುವುದು. ಎರಡು ಕಡೆಯೂ ತೆರೆದಿದ್ದು ಗಾಳಿಯಾಡುವುದು. ಬಿತ್ತನೆಯ ಕಾಲಕ್ಕೆ ಅದನ್ನು ಬಿಚ್ಚಿಟ್ಟರೆ ಅದೇ ಬಂಡಿ ಗೊಬ್ಬರ ಸಾಗಿಸುವುದು. ಒಂದೇ ಬಂಡಿಯುಳ್ಳ ಬಡ ಒಕ್ಕಲಿಗನಿಗೆ ಈ ಕಡೆಯ ಗುಣವೇ ಮುಖ್ಯವು.

1970ರ ದಶಕದಲ್ಲಿ ಬೆಂಗಳೂರಿನ ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಬಂಡಿಯ ಸುಧಾರಣೆಯನ್ನು ಶಾಸ್ತ್ರೀಯವಾಗಿ ಪರಿಶೀಲಿಸಿ ದೇಶದ ಗಮನವನ್ನು ಸೆಳೆದರು. ಇಂದು ಬಂಡಿಯ ಕೆಲಸವನ್ನು ಬಹುಮಟ್ಟಿಗೆ ಟ್ರ್ಯಾಕ್ಟರು ವಹಿಸಿಕೊಂಡಿದೆ. ಬಂಡಿಯೊಡನೆ ಅದರ ಪದಗಳೂ ಮರೆಯಾಗುವ ಭಯವಿದೆ. ಇದು ಸಾಹಿತ್ಯೋಪಾಧ್ಯಾಯರನ್ನು ನೇರವಾಗಿ ಮುಟ್ಟುವ ವಿಷಯ. ಸುರಪುರ ಸೀಮೆಯ ಮುದನೂರಿನ ದಾಸಿಮಯ್ಯನು ಒಡಲನ್ನು ಬಂಡಿಗೂ ಶರಣರ ನುಡಿಯನ್ನು ಕಡೆಗೀಲಿಗೂ ಹೋಲಿಸಿದನು. ಗಾಲಿಯು ಅಚ್ಚಿನಿಂದ ಕಳಚದಂತೆ ತಡೆಯುವ ಆ ಕಿರುಗೀಲನ್ನು ಕಾಣದ ವಿದ್ಯಾರ್ಥಿಗೆ ಹೋಲಿಕೆಯ ಬಲವು ಅರ್ಧವೇ ತಿಳಿಯುವುದು. ಆದುದರಿಂದ ಬಂಡಿಯ ಅಂಗಗಳ ಹೆಸರುಗಳನ್ನು ಅವುಗಳ ಅಳತೆ, ಉಪಯೋಗಗಳೊಡನೆ ಬಡಿಗರ ಬಾಯಿಂದಲೇ ಕೇಳಿ ಬರೆದಿಡುವುದು ಈಗ ಮಾಡಬೇಕಾದ ಕೆಲಸ.