ಸಂಸ್ಕೃತ ಓದುವವರಿಗೆ ಫ್ರೆಂಚ್ ಯಾಕೆ ಬೇಕು?

ಶಾಸನದ ಪಡಿಯಚ್ಚಿಗೆ ನಮ್ಮ ತಜ್ಞರು ‘ಎಸ್ಟಾಂಪೇಜ್’ ಅಂತಾರಲ್ಲ, ಅದು ಮೂಲತಃ ಫ್ರೆಂಚ್ ಪದ. ಆದರೆ ನಮ್ಮ ಕಾಲೇಜುಗಳಲ್ಲಿ ಸಂಸ್ಕೃತ, ಫ್ರೆಂಚ್ ಎರಡೂ ಎದುರಾಳಿಗಳು. ಒಂದನ್ನು ತಗೊಂಡರೆ ಇನ್ನೊಂದನ್ನು ಬಿಟ್ಟ ಹಾಗೆ. ಯಾವುದರಲ್ಲಿ ಅಂಕ ಸುಲಭ ಅನ್ನೋದರ ಮೇಲೆ ತೀರ್ಮಾನ. ಶಾಸನಗಳ ಕಡೆ ಒಲವಿರೋ ವಿದ್ಯಾರ್ಥಿಗಳು ಎರಡನ್ನೂ ಜೊತೆಯಲ್ಲೇ ಕಲಿಯಬೇಕು ಅನ್ನೋದು ನನ್ನ ಅಭಿಪ್ರಾಯ.

ಕಾಂಬೋಡಿಯಾದ ಸಂಸ್ಕೃತ ಶಾಸನಗಳನ್ನೇ ನೋಡಿ. ಬಾರ್ತ್ ಮತ್ತು ಬೆರ್ಗೇನ್ ಸಂಪಾದಿಸಿದ ಸಂಪುಟಗಳು 1885 ಮತ್ತು 1893ರಲ್ಲಿ ಬಂದವು. ಆಮೇಲೆ ಸೆದೆಸ್ 1937ರಿಂದ 1966ರವರೆಗೆ ಎಂಟು ಸಂಪುಟ ತಂದರು. ಶ್ಲೋಕಗಳು ನಮಗೆ ಅರ್ಥವಾಗುತ್ತವೆ. ಅನುವಾದ, ಟಿಪ್ಪಣಿ, ಕಾಲನಿರ್ಣಯದ ಚರ್ಚೆ ಎಲ್ಲ ಫ್ರೆಂಚಿನಲ್ಲಿ.

ಇದು ದೂರದ ಮಾತಾಯಿತು ಅನ್ನಬೇಡಿ. ಬ್ರಹ್ಮಗಿರಿ, ಮಸ್ಕಿಯ ಬಂಡೆಗಳ ಮೇಲೆ ಪ್ರಾಕೃತದಲ್ಲಿ ಮಾತಾಡೋ ಅಶೋಕ, ಅಫ್ಘಾನಿಸ್ತಾನದ ಕಂದಹಾರಿನಲ್ಲಿ ಗ್ರೀಕ್ ಮತ್ತು ಅರಾಮಾಯಿಕ್ ಭಾಷೆಗಳಲ್ಲಿ ಮಾತಾಡ್ತಾನೆ. ಆ ದ್ವಿಭಾಷಾ ಶಾಸನವನ್ನು 1958ರಲ್ಲಿ ಪ್ಯಾರಿಸ್ಸಿನ ‘ಜೂರ್ನಾಲ್ ಆಸಿಯಾತಿಕ್’ ಪತ್ರಿಕೆಯಲ್ಲಿ ನಾಲ್ವರು ವಿದ್ವಾಂಸರು ಸೇರಿ ಪ್ರಕಟಿಸಿದರು. ನಮ್ಮ ‘ಧಮ್ಮ’ಕ್ಕೆ ಅಲ್ಲಿ ‘ಯೂಸೆಬೆಯಾ’, ಅಂದರೆ ದೈವಭಕ್ತಿ, ಅನ್ನೋ ಗ್ರೀಕ್ ಪದ ಬಂದಿದೆ. ಯಾಕೆ ಆ ಪದ ಅಂತ ಕೇಳೋ ವಿದ್ಯಾರ್ಥಿಗೆ ಪ್ರಾಕೃತ, ಗ್ರೀಕ್ ಜೊತೆಗೆ ಫ್ರೆಂಚೂ ಬೇಕಾಗತ್ತೆ.

ಹಾಗಂತ ಪ್ಯಾರಿಸ್ಸಿನ ಹೋಟೆಲಲ್ಲಿ ಕಾಫಿ ಕೇಳೋ ಫ್ರೆಂಚ್ ಬೇಕಿಲ್ಲ. ಓದೋಕೆ ಬಂದರೆ ಸಾಕು. ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಪ್ರಾಚೀನ ಭಾಷೆಗಳ ಸಂಶೋಧಕರು ಫ್ರೆಂಚ್ ಓದಿ ಅರ್ಥಮಾಡಿಕೊಳ್ಳೋ ಪರೀಕ್ಷೆ ಬರೀಬೇಕು. ಅಲ್ಲಿ ಉಚ್ಚಾರಣೆ ಯಾರೂ ಕೇಳಲ್ಲ.

ಇಂಗ್ಲಿಷ್ ಗೊತ್ತಿರೋರಿಗೆ ಅರ್ಧ ಪದಗಳು ಪರಿಚಿತ ಅನ್ನಿಸುತ್ತವೆ. ಅಪಾಯ ಇರೋದೂ ಅಲ್ಲೇ. ‘ಲೆಕ್ತ್ಯೂರ್’ ಅಂದರೆ ಉಪನ್ಯಾಸ ಅಲ್ಲ, ಪಾಠ, ಅಂದರೆ ಕಲ್ಲಿನ ಮೇಲಿರೋದನ್ನು ಓದಿದ ರೀತಿ. ‘ಇನೆದಿ’ ಅಂದರೆ ಸಂಪಾದಿಸದೆ ಬಿಟ್ಟದ್ದಲ್ಲ, ಅಪ್ರಕಟಿತ. ಇದನ್ನು ತಪ್ಪಾಗಿ ಓದಿ ನಾನೇ ಒಂದು ಟಿಪ್ಪಣಿ ಬರೆದು, ಆಮೇಲೆ ಹರಿದುಹಾಕಿದ್ದೇನೆ.

ಇವೆಲ್ಲ ನಿಘಂಟು ನೋಡಿದರೆ ಸರಿಹೋಗುವಂಥವು. ಕ್ರಿಯಾಪದದ ತಪ್ಪು ಹಾಗಲ್ಲ. ಶಾಸನ ಏಳನೇ ಶತಮಾನದ್ದು ಅಂತ ಖಚಿತವಾಗಿ ಹೇಳೋವಾಗ ಫ್ರೆಂಚರು ‘ದಾತ್’ ಅಂತ ಬರೀತಾರೆ. ಅದೇ ‘ದಾತ್ರೆ’ ಅಂದರೆ ‘ಏಳನೇ ಶತಮಾನದ್ದಂತೆ’. ಹೊಣೆ ನನ್ನದಲ್ಲ, ಹಾಗೆ ಹೇಳ್ತಾರೆ, ಅನ್ನೋ ಧ್ವನಿ. ಇಂಗ್ಲಿಷಿಗಿಂತ ನಮ್ಮ ‘ಅಂತೆ’ಯೇ ಇದಕ್ಕೆ ಹತ್ತಿರ. ‘ಬಂದನು’, ‘ಬಂದನಂತೆ’ ಎರಡರ ನಡುವಿನ ಅಂತರ ಮಕ್ಕಳಿಗೂ ಗೊತ್ತು, ಅಲ್ವಾ? ಫ್ರೆಂಚಿನಲ್ಲಿ ಆ ಅಂತರ ಪದದ ಕೊನೆಯ ಕೆಲವೇ ಅಕ್ಷರಗಳಲ್ಲಿ ಅಡಗಿರತ್ತೆ. ಅದು ಕಣ್ತಪ್ಪಿದರೆ ಮೂಲ ಲೇಖಕರು ಹಿಂಜರಿಯುತ್ತಾ ಬರೆದ ಊಹೆ ನಮ್ಮ ಪುಸ್ತಕದಲ್ಲಿ ನಿಶ್ಚಿತ ಇಸವಿಯಾಗಿ ಕೂತುಬಿಡತ್ತೆ. ಮುಂದಿನವರು ನಮ್ಮನ್ನೇ ಉಲ್ಲೇಖಿಸ್ತಾರೆ. ಮೂಲದ ‘ಅಂತೆ’ ಯಾರಿಗೂ ಕಾಣಲ್ಲ.

ಶುರುಮಾಡೋರಿಗೆ ನನ್ನ ಸಲಹೆ ಇಷ್ಟು: ನಿಮಗೆ ಚೆನ್ನಾಗಿ ಅರ್ಥವಾಗೋ ಒಂದು ಸಂಸ್ಕೃತ ಶಾಸನ ತಗೊಳ್ಳಿ, ಅದರ ಫ್ರೆಂಚ್ ಅನುವಾದ ಪಕ್ಕದಲ್ಲಿಡಿ. ಶ್ಲೋಕವೇ ನಿಘಂಟಾಗತ್ತೆ. ದಿನಕ್ಕೆ ಒಂದೇ ಶ್ಲೋಕ ಸಾಕು, ಕ್ರಿಯಾಪದದ ಬಾಲ ಮಾತ್ರ ಬಿಡಬೇಡಿ.